ಗೂಟ ಇಳಿಯದ ನೆಲಕ್ಕೆ ಎಂಥ ಟೆಂಟು?

ಹೈದರಾಬಾದಿನಲ್ಲಿ ಸೈಕಲ್ ತುಳಿಯುವ ಕನ್ನಡಿಗರಿಗೆ ಒಂದು ಭಾಗ್ಯವಿದೆ. ಎರಡು ದಿನ ತುಳಿದರೆ ಸಾಕು, ಊರ ಕಡೆಯ ಮಾತು ಕಿವಿಗೆ ಬೀಳುತ್ತದೆ. ಅದೂ ಒಂದಲ್ಲ, ಮೂರು ದಾರಿಗಳಲ್ಲಿ. ಜಹೀರಾಬಾದ್ ಮೇಲೆ ಹೋದರೆ ಬೀದರ್. ಮಹಬೂಬ್‌ನಗರ, ಮಕ್ತಲ್ ಮೇಲೆ ಹೋಗಿ ಕೃಷ್ಣೆ ದಾಟಿದರೆ ರಾಯಚೂರು. ಮೂರನೆಯದು ನನಗೆ ಹೆಚ್ಚು ಪ್ರಿಯವಾದದ್ದು: ವಿಕಾರಾಬಾದ್, ತಾಂಡೂರು, ಸೇಡಂ ಹಾದು ಮಳಖೇಡಕ್ಕೆ ಹೋಗುವ ದಾರಿ. ಅನಂತಗಿರಿ ಗುಡ್ಡದಲ್ಲಿ ಹುಟ್ಟುವ ಮೂಸಿ ನದಿ ಪೂರ್ವಕ್ಕೆ ಹರಿದು ಹೈದರಾಬಾದಿಗೆ ಬರುತ್ತದೆ. ಅದೇ ಗುಡ್ಡಗಳಲ್ಲಿ ಹುಟ್ಟುವ ಕಾಗಿಣಾ ಪಶ್ಚಿಮಕ್ಕೆ ತಿರುಗಿ, ತಾಂಡೂರಿನ ಪಕ್ಕದಲ್ಲಿ ಹಾದು, ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟದ ಮಗ್ಗುಲಲ್ಲಿ ಹರಿದು ಭೀಮೆಯನ್ನು ಸೇರುತ್ತದೆ. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಓದಿದವರಿಗೆ ಇದಕ್ಕಿಂತ ಒಳ್ಳೆಯ ಸೈಕಲ್ ಸವಾರಿ ಯಾವುದಿದ್ದೀತು?

ಸಾಮಾನು ಹೇರಿಕೊಂಡು ಆರಾಮಾಗಿ ತುಳಿಯುವವರಿಗೆ ಈ ಮೂರರಲ್ಲಿ ಯಾವ ದಾರಿ ಹಿಡಿದರೂ ನಡುವೆ ಒಂದು ರಾತ್ರಿ ಬೀಳುತ್ತದೆ. ದಾರಿಯ ಊರುಗಳಲ್ಲಿ ಲಾಡ್ಜ್ ಇಲ್ಲವೆಂದಲ್ಲ. ಆದರೆ ಹೊತ್ತು ಮುಳುಗುವಾಗ ನೀವಿರುವುದು ಲಾಡ್ಜಿನಿಂದ ಮೂವತ್ತು ಕಿಲೋಮೀಟರ್ ಈಚೆಗೆ, ಯಾವುದೋ ತೊಗರಿ ಹೊಲದ ಬದುವಿನ ಪಕ್ಕದಲ್ಲಿ. ಆ ಮೂವತ್ತು ಕಿಲೋಮೀಟರನ್ನು ಕತ್ತಲಲ್ಲಿ, ಸಿಮೆಂಟು ಮತ್ತು ಕಲ್ಲು ಹೇರಿಕೊಂಡ ಲಾರಿಗಳ ನಡುವೆ ತುಳಿಯಬೇಕೆ, ಬೇಡವೆ ಎಂಬುದನ್ನು ನಿರ್ಧರಿಸುವುದು ನಿಮ್ಮ ಹ್ಯಾಂಡಲಿಗೆ ಕಟ್ಟಿರುವ ಆ ಒಂದು ಗಂಟು. ಟೆಂಟಿನ ಲೆಕ್ಕವನ್ನು ಶೋಕಿಯ ಲೆಕ್ಕಕ್ಕೆ ಸೇರಿಸಬಾರದು ಎನ್ನುವುದು ಇದಕ್ಕೇ.

ಬೈಕ್‌ಪ್ಯಾಕಿಂಗ್ ಎಂದೊಡನೆ ಕೆಲವರು ಬುಲೆಟ್ ಮೋಟರ್‌ಸೈಕಲ್ ನೆನೆಸಿಕೊಳ್ಳುತ್ತಾರೆ. ಅದಲ್ಲ. ಹಿಂದೆ ಕ್ಯಾರಿಯರ್ ಹಾಕಿ ಎರಡೂ ಬದಿಗೆ ದೊಡ್ಡ ಚೀಲ ತೂಗುಹಾಕುವ ಬದಲು, ಹ್ಯಾಂಡಲಿಗೊಂದು, ಸೀಟಿನ ಹಿಂದೊಂದು, ಫ್ರೇಮಿನ ತ್ರಿಕೋನದೊಳಗೊಂದು ಎಂದು ಸಣ್ಣ ಸಣ್ಣ ಚೀಲಗಳನ್ನು ಸೈಕಲ್ಲಿನ ಮೈಗೇ ಬಿಗಿಯುವ ಪದ್ಧತಿ. ಹೊಲದ ಗಾಡಿದಾರಿಯಲ್ಲೂ ಸೈಕಲ್ ಅಲುಗಾಡದೆ ಓಡುತ್ತದೆ. ಜಾಗ ಮಾತ್ರ ಕಡಿಮೆ. ಇರುವ ಸಾಮಾನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿನ್ನುವುದು ಟೆಂಟು ಮತ್ತು ಹೊದಿಕೆ. ಹೀಗಾಗಿ ಪ್ರತಿ ವರ್ಷ ದಸರಾ ಕಳೆದು ಹವೆ ತಂಪಾಗುತ್ತಿದ್ದಂತೆ ವಾಟ್ಸಾಪ್ ಗುಂಪುಗಳಲ್ಲಿ ಅದೇ ಪ್ರಶ್ನೆ ಬರುತ್ತದೆ: ಎಷ್ಟು ಗ್ರಾಮಿನದು ತಗೊಳ್ಳಲಿ?

ಗ್ರಾಮಿನ ಪ್ರಶ್ನೆಯನ್ನು ಕೊನೆಗೆ ಕೇಳಬೇಕು ಎನ್ನುವುದು ನನ್ನ ವಾದ. ಟೆಂಟು ಮಾರುವ ಕಂಪನಿಗಳ ವಿಡಿಯೋಗಳಲ್ಲಿ ಹಸಿರು ಹುಲ್ಲು, ಮೆತ್ತನೆಯ ಮಣ್ಣು, ಹಿಂದೆ ಹಿಮದ ಬೆಟ್ಟ. ನಾವು ಮಲಗುವುದು ದಖ್ಖನಿನಲ್ಲಿ.

ಮೊದಲು ನೆಲ

ಹೈದರಾಬಾದ್ ನಿಂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಮೇಲೆ. ಗೋಲ್ಕೊಂಡದ ಕೋಟೆ, ಬಂಜಾರಾ ಹಿಲ್ಸಿನ ಅಳಿದುಳಿದ ಬಂಡೆಗಳು ಎಲ್ಲ ಅದೇ. ವಿಕಾರಾಬಾದಿನ ಕಡೆ ಹೋದರೆ ಕೆಂಪು ಜಂಬಿಟ್ಟಿಗೆ ಕಾಣುತ್ತದೆ. ಬೀದರಿನ ಕೋಟೆ ನಿಂತಿರುವ ದಿಬ್ಬವೂ ಜಂಬಿಟ್ಟಿಗೆಯೇ. ತಾಂಡೂರು ತಲುಪಿದರೆ ನೆಲದಡಿ ಪದರ ಪದರವಾಗಿ ಸುಣ್ಣದಕಲ್ಲು. ನಮ್ಮ ಎಷ್ಟೋ ಮನೆಗಳ ಅಂಗಳಕ್ಕೆ ಹಾಸಿರುವ ಶಹಾಬಾದ್ ಫರಸಿಯ ಸಂಬಂಧಿ ಅದು. ಇವುಗಳ ನಡುವೆ ಅಲ್ಲಲ್ಲಿ ಎರೆಭೂಮಿ. ಬೇಸಿಗೆಯಲ್ಲಿ ಅದು ಕೈ ಹೋಗುವಷ್ಟು ಬಿರಿದು ಕಲ್ಲಿನಂತಾಗುತ್ತದೆ. ಮಳೆಯಾದರೆ ಸೈಕಲ್ಲಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹೊಕ್ಕು ಗಾಡಿಯನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತದೆ.

ಇಂಥ ನೆಲಕ್ಕೆ ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳನ್ನು ಹೊಡೆದು ನೋಡಿ. ಎರಡಂಗುಲ ಹೋಗಿ ಬಗ್ಗುತ್ತವೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಗೂಟವಿಲ್ಲದೆ ಇದು ನಿಲ್ಲುತ್ತದೆಯೇ?

ಈ ಲೆಕ್ಕದಲ್ಲಿ ಟೆಂಟುಗಳು ಮೂರು ಬಗೆ. ಎರಡು ಕಡ್ಡಿಗಳು ನೆತ್ತಿಯ ಮೇಲೆ ಕತ್ತರಿಯಂತೆ ಹಾಯ್ದು ನಾಲ್ಕು ಮೂಲೆಗೂ ಇಳಿದಿದ್ದರೆ ಟೆಂಟು ತಾನೇ ನಿಲ್ಲುತ್ತದೆ. ಬಂಡೆಯ ಮೇಲಿಡಿ, ಶಾಲೆಯ ಜಗಲಿಯಲ್ಲಿಡಿ, ಎತ್ತಿ ಪಕ್ಕಕ್ಕಿಡಿ, ಅದಕ್ಕೆ ಬೇಜಾರಿಲ್ಲ. ಎರಡನೆಯದು ಅರ್ಧ ನಿಲ್ಲುವ ಬಗೆ. ನಮ್ಮ ಹುಡುಗರಲ್ಲಿ ಹೆಚ್ಚು ಓಡಾಡುತ್ತಿರುವ ನೇಚರ್‌ಹೈಕ್ ಕ್ಲೌಡ್ ಅಪ್ ಈ ಜಾತಿ: ಕವಲೊಡೆದ ಒಂದೇ ಕಡ್ಡಿ, ತಲೆಯ ಕಡೆ ಎರಡು ಕಾಲು, ಪಾದದ ಕಡೆ ಒಂದು. ಪಾದದ ಎರಡು ಮೂಲೆಗಳನ್ನು ಹೇಗಾದರೂ ಎಳೆದು ಕಟ್ಟಲೇಬೇಕು. ಮೂರನೆಯದು ಚಾರಣದ ಊರುಗೋಲನ್ನೇ ಕಂಬವಾಗಿಸಿ ಹಗ್ಗ ಎಳೆದು ನಿಲ್ಲಿಸುವ ಬಗೆ. ಡೆಕಾಥ್ಲಾನಿನಲ್ಲಿ ಕಿಲೋ ತುಂಬದ ಒಬ್ಬರ ಟೆಂಟೊಂದಿದೆ. ತೂಕದ ಪಟ್ಟಿಯಲ್ಲಿ ಇವೇ ಯಾವಾಗಲೂ ಗೆಲ್ಲುತ್ತವೆ. ಆದರೆ ಸೈಕಲ್ ಸವಾರನ ಕೈಯಲ್ಲಿ ಊರುಗೋಲು ಎಲ್ಲಿಂದ ಬಂತು? ಅದನ್ನು ಬೇರೆ ಕೊಂಡು, ಬೇರೆ ಹೊತ್ತು, ಆಮೇಲೆ ಆರೆಂಟು ಗೂಟಗಳಿಗೆ ಮೆತ್ತನೆಯ ನೆಲ ಹುಡುಕಬೇಕು. ಮಲೆನಾಡಿಗೆ ಹೋಗುವವರು ಕೊಳ್ಳಲಿ. ತಾಂಡೂರಿನ ಫರಸಿಯ ಮೇಲೆ ಅದು ಮಡಚಿಟ್ಟ ಬಟ್ಟೆ, ಅಷ್ಟೇ.

ಸೈಕಲ್ಲನ್ನೇ ಕಂಬವಾಗಿಸುವ ಟೆಂಟುಗಳೂ ಇವೆ. ಟೋಪೀಕ್ ಕಂಪನಿಯ ಬೈಕ್ಯಾಂಪರ್‌ನಲ್ಲಿ ಒಂದು ತುದಿಗೆ ಹ್ಯಾಂಡಲು ಆಸರೆ, ಇನ್ನೊಂದು ತುದಿಗೆ ಬಿಚ್ಚಿದ ಮುಂದಿನ ಚಕ್ರ ಆಸರೆ. ಕೇಳಲು ಚೆನ್ನಾಗಿದೆ. ಊಟಕ್ಕೆಂದು ಎರಡು ಕಿಲೋಮೀಟರ್ ದೂರದ ಧಾಬಾಕ್ಕೆ ಹೋಗಬೇಕಾದರೆ ಮನೆ ಕೆಡವಿ ಹೋಗಬೇಕು.

ತಾನೇ ನಿಲ್ಲುವ ಟೆಂಟನ್ನೂ ಗಾಳಿಗೆ ಹಾರದಂತೆ ಕಟ್ಟಬೇಕಲ್ಲ. ನಾಲ್ಕು ಮೂಲೆಗೆ ಒಂದೊಂದು ಮೀಟರ್ ದಾರ ಮೊದಲೇ ಗಂಟು ಹಾಕಿಟ್ಟಿರಿ. ದಾರದ ತುದಿಯನ್ನು ಸಣ್ಣ ಕಲ್ಲಿಗೆ ಸುತ್ತಿ, ಅದರ ಮುಂದೆ ದೊಡ್ಡ ಕಲ್ಲಿಟ್ಟು ಒತ್ತು ಕೊಟ್ಟರೆ ಗೂಟಕ್ಕಿಂತ ಭದ್ರ. ತುಂಬಿದ ಲೀಟರ್ ಬಾಟಲಿ ಎಂದರೆ ಒಂದು ಕಿಲೋ, ಅದೂ ಆಗುತ್ತದೆ. ಮಲಗಿಸಿದ ಸೈಕಲ್ಲಿನ ಫ್ರೇಮಿಗೆ ಒಂದು ಮೂಲೆ ಕಟ್ಟಿದರೆ ಎರಡು ಲಾಭ: ಟೆಂಟೂ ನಿಲ್ಲುತ್ತದೆ, ರಾತ್ರಿ ಯಾರಾದರೂ ಸೈಕಲ್ ಎಳೆದರೆ ಎಚ್ಚರವೂ ಆಗುತ್ತದೆ. ಒಂದೇ ಎಚ್ಚರಿಕೆ: ಮುಸ್ಸಂಜೆಯಲ್ಲಿ ಬರಿಗೈಯಿಂದ ಕಲ್ಲು ಎತ್ತಬೇಡಿ. ಕಾಲಿನಿಂದ ಮೊದಲು ಮಗುಚಿ ನೋಡಿ. ಕಲ್ಲಿನಡಿ ಚೇಳಿನ ಸಂಸಾರವಿರುವುದು ನಮ್ಮ ಕಡೆ ಮಾಮೂಲು.

ನಿಮ್ಮ ಟೆಂಟು ಯಾವ ಜಾತಿಯದೆಂದು ತಿಳಿಯಲು ಅನಂತಗಿರಿಯವರೆಗೆ ಹೋಗಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ತಾರಸಿ ಸಾಕು. ಕಾಂಕ್ರೀಟಿಗೆ ಯಾವ ಗೂಟವೂ ಇಳಿಯುವುದಿಲ್ಲ. ಅಲ್ಲಿ ಒಂದು ರಾತ್ರಿ ನೆಟ್ಟಗೆ ನಿಂತು ನಿಮ್ಮನ್ನು ಮಲಗಿಸಿದ ಟೆಂಟು ಬೀದರಿನವರೆಗೂ ಮಲಗಿಸುತ್ತದೆ. ವಾಪಸು ಕೊಡುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿಬಿಡಿ.

ಒಳಗಿನ ಬಲೆ

ಸಿಕಂದರಾಬಾದಿನಲ್ಲಿ ಕೆಲಸದಲ್ಲಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್, ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡದ್ದು 1897ರ ಆಗಸ್ಟ್ 20ರಂದು. 1902ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹೆಸರಿನ ಸಂಸ್ಥೆಯ ಹಳೆಯ ಕಟ್ಟಡ ಬೇಗಂಪೇಟೆಯಲ್ಲಿ ಈಗಲೂ ಇದೆ. ಇಷ್ಟಾದ ಮೇಲೂ ಹೈದರಾಬಾದಿನವರು ಸೊಳ್ಳೆ ಪರದೆಯಿಲ್ಲದ ಟೆಂಟು ಕೊಂಡರೆ ಏನನ್ನಬೇಕು?

ಟೆಂಟಿನ ಒಳಕೋಣೆ ಪೂರ್ತಿ ಬಲೆಯದಾಗಿರಬೇಕು. ಅದರ ಮೇಲೆ ಬೇಕಾದಾಗ ಹೊದಿಸುವ ಮಳೆಹೊದಿಕೆ ಬೇರೆಯೇ ಇರಬೇಕು. ಇನ್ನೂ ಮುಖ್ಯವಾಗಿ, ಹೊದಿಕೆಯಿಲ್ಲದೆ ಒಳಕೋಣೆಯೊಂದೇ ನಿಲ್ಲುವಂತಿರಬೇಕು. ಕೆಲವು ಟೆಂಟುಗಳಲ್ಲಿ ಕಡ್ಡಿಗಳು ಹೊರಹೊದಿಕೆಗೆ ಸೇರಿ, ಒಳಗಿನದು ಅದಕ್ಕೆ ಜೋತುಬೀಳುತ್ತದೆ. ಸುರಿಯುವ ಮಳೆಯಲ್ಲಿ ಒಳಭಾಗ ನೆನೆಯದಂತೆ ಕಟ್ಟಲು ಅದು ಒಳ್ಳೆಯದು. ಆದರೆ ನಾವು ಇಲ್ಲಿ ಕಳೆಯುವ ರಾತ್ರಿಗಳಲ್ಲಿ ಹೆಚ್ಚಿನವು ಮಳೆಯಿಲ್ಲದವು. ಮಾರ್ಚ್ ಹೊತ್ತಿಗೆ ಹೊದಿಕೆ ಹಾಕಿ ಮಲಗಿದರೆ ಬೆವರಿನಲ್ಲೇ ಸ್ನಾನ. ಬಲೆಯೊಂದನ್ನೇ ನಿಲ್ಲಿಸಿದರೆ ಗಾಳಿಯೂ ಬರುತ್ತದೆ, ನಕ್ಷತ್ರವೂ ಕಾಣುತ್ತದೆ. ದೇವಸ್ಥಾನದ ಮಂಟಪದಲ್ಲಿ, ಪೆಟ್ರೋಲ್ ಬಂಕಿನ ಹಿಂದಿನ ಶೆಡ್ಡಿನಲ್ಲಿ ಬೇಕಾಗುವುದೂ ಅಷ್ಟೇ.

ಬಲೆಗೆ ಸೊಳ್ಳೆಗಿಂತ ದೊಡ್ಡ ಕಾರಣವೊಂದಿದೆ: ಕಟ್ಟುಹಾವು. ಇದು ರಾತ್ರಿ ಓಡಾಡುವ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವು, ಊತ ಎಷ್ಟೋ ಸಲ ಇರುವುದೇ ಇಲ್ಲ. ಕಚ್ಚಿದ್ದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅಂಗಳದಲ್ಲಿ ಚಾಪೆ ಹಾಸಿ ಮಲಗುವ ನಮ್ಮ ಹಳ್ಳಿಗಳಲ್ಲಿ ಇದರಿಂದ ಸತ್ತವರ ಕತೆ ಇಲ್ಲದ ಊರು ವಿರಳ. ಹಾಗಾಗಿ ತಳ ಮತ್ತು ಬಲೆ ಒಂದಕ್ಕೊಂದು ಹೊಲಿದಿರಬೇಕು, ತಳದ ಅಂಚು ಬೋಗುಣಿಯಂತೆ ನಾಲ್ಕು ಬೆರಳಾದರೂ ಮೇಲೆದ್ದಿರಬೇಕು, ಜಿಪ್ಪು ತುದಿಯವರೆಗೆ ಮುಚ್ಚಬೇಕು. ತಳವಿಲ್ಲದ ತಾಡಪತ್ರಿಯ ಕೆಳಗೆ ಮಲಗುವವರು ಮುನ್ನೂರು ಗ್ರಾಂ ಉಳಿಸುತ್ತಾರೆ. ನನಗೆ ಆ ಉಳಿತಾಯ ಬೇಡ. ಶೂಗಳನ್ನೂ ಒಳಗಿಡಿ, ಮತ್ತು ಜಿಪ್ಪು ತೆರೆದಿಟ್ಟು ಮೂತ್ರಕ್ಕೆ ಎದ್ದು ಹೋಗಬೇಡಿ.

ಚಳಿಗಾಲದ ತೊಂದರೆ ಇಬ್ಬನಿ. ಡಿಸೆಂಬರ್, ಜನವರಿಯಲ್ಲಿ ವಿಕಾರಾಬಾದ್, ಜಹೀರಾಬಾದ್ ಕಡೆ ರಾತ್ರಿ 10 ಡಿಗ್ರಿಗೆ ಇಳಿಯುವುದುಂಟು. ಆಕಾಶ ತಿಳಿಯಾಗಿದ್ದಷ್ಟೂ ಬಟ್ಟೆ ಬೇಗ ತಣ್ಣಗಾಗುತ್ತದೆ. ನಿಮ್ಮ ಉಸಿರಿನ ತೇವವೇ ಅದರ ಒಳಮೈಗೆ ಹನಿಗಟ್ಟಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ. ಹೊಸ ಟೆಂಟು ಸೋರುತ್ತಿದೆ ಎಂದು ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವವರಲ್ಲಿ ಅರ್ಧ ಜನರ ಕತೆ ಇದು. ಒಂದೇ ಪದರದ ಹಗುರ ಟೆಂಟುಗಳಲ್ಲಿ ಈ ಕಾಟ ಹೆಚ್ಚು. ಎರಡು ಪದರವಿದ್ದು ನಡುವೆ ಅಂಗೈ ಅಗಲ ಜಾಗವಿದ್ದರೆ ಹನಿ ಹೊರಪದರದಲ್ಲೇ ಜಾರಿಹೋಗುತ್ತದೆ. ಕೆರೆಯ ದಂಡೆ ಫೋಟೋಕ್ಕೆ ಚೆಂದ, ಮಲಗಲು ಅಲ್ಲ. ಅಲ್ಲಿಂದ ಸ್ವಲ್ಪ ಮೇಲೆ, ಮರದ ನೆರಳಿಗೆ ಸರಿದರೆ ಇಬ್ಬನಿ ಅರ್ಧಕ್ಕರ್ಧ ಇಳಿಯುತ್ತದೆ. ಇದನ್ನು ನಮ್ಮ ಕುರುಬರು ಯಾವ ಕ್ಯಾಟಲಾಗೂ ಓದದೆ ಬಲ್ಲರು. ಕುರಿ ಹಿಂಡಿನೊಂದಿಗೆ ದಖ್ಖನ್ ಸುತ್ತುವ ಅವರು ಹಳ್ಳದ ಪಾತ್ರದಲ್ಲಿ ಬೀಡು ಬಿಡುವುದಿಲ್ಲ, ತುಸು ಏರು ನೆಲ ನೋಡುತ್ತಾರೆ. ಅವರ ಕರಿ ಕಂಬಳಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಮಳೆ ಬಂದರೆ ಕೊಪ್ಪೆಯೂ ಹೌದು. ತೆಲಂಗಾಣದಲ್ಲಿ ಅದನ್ನೇ ಗೊಂಗಡಿ ಎನ್ನುತ್ತಾರೆ.

ಕಡ್ಡಿಯ ಉದ್ದ, ಬಿಲ್ಲಿನ ಉದ್ದ

ಇನ್ನು ಸೈಕಲ್ಲಿಗೆ ಕಟ್ಟುವ ವಿಷಯ. ಇಲ್ಲಿ ತೂಕಕ್ಕಿಂತ ಉದ್ದ ಮುಖ್ಯ. ಮಡಚಿದ ಟೆಂಟಿನ ಬಟ್ಟೆಯನ್ನು ಹೇಗೆ ಬೇಕಾದರೂ ತುರುಕಬಹುದು, ಕಡ್ಡಿಯನ್ನು ತುರುಕಲಾಗದು. ಸಾಮಾನ್ಯ ಟೆಂಟುಗಳಲ್ಲಿ ಮಡಚಿದ ಕಡ್ಡಿಯ ಉದ್ದ 40ರಿಂದ 50 ಸೆಂಟಿಮೀಟರ್. ರೋಡ್ ಬೈಕ್, ಗ್ರಾವೆಲ್ ಬೈಕುಗಳ ಬಾಗಿದ ಹ್ಯಾಂಡಲಿನ ಅಗಲವೇ 40–44 ಸೆಂಟಿಮೀಟರ್. ಅದರಲ್ಲಿ ಬ್ರೇಕ್ ಹಿಡಿಯುವ ಬೆರಳುಗಳಿಗೆ ಜಾಗ ಬಿಟ್ಟರೆ ಉಳಿಯುವುದು ಇನ್ನೂ ಕಡಿಮೆ. ಇದಕ್ಕೆಂದೇ ಬಿಗ್ ಆಗ್ನೆಸ್, ಎಂಎಸ್ಆರ್, ನೀಮೊ ಮುಂತಾದ ಅಮೆರಿಕದ ಕಂಪನಿಗಳು ಬೈಕ್‌ಪ್ಯಾಕ್ ಎಂಬ ಹೆಸರಿನಲ್ಲಿ ಬೇರೆ ಮಾದರಿಗಳನ್ನೇ ಮಾಡಿವೆ. ಬಿಗ್ ಆಗ್ನೆಸ್‌ನದರಲ್ಲಿ ಮಡಚಿದ ಕಡ್ಡಿ ಸುಮಾರು 30 ಸೆಂಟಿಮೀಟರ್. ಕಡ್ಡಿ ಗಿಡ್ಡವಾದಷ್ಟೂ ಬಿಲ್ಲು ಉದ್ದ: ಇಲ್ಲಿಗೆ ತರಿಸಿಕೊಳ್ಳುವಷ್ಟರಲ್ಲಿ ಒಂದು ಒಳ್ಳೆಯ ಹೈಬ್ರಿಡ್ ಸೈಕಲ್ಲಿನ ಬೆಲೆಯಾಗಿರುತ್ತದೆ.

ಅಷ್ಟು ದುಡ್ಡಿಲ್ಲದಿದ್ದರೆ ಉಪಾಯವಿದೆ. ಕಡ್ಡಿಗಳನ್ನು ಬಟ್ಟೆಯಿಂದ ಬೇರೆ ಮಾಡಿ. ಬಟ್ಟೆ ಹ್ಯಾಂಡಲಿಗೆ; ಕಡ್ಡಿಗಳು ಫ್ರೇಮಿನ ಮೇಲ್ಕೊಳವೆಯ ಉದ್ದಕ್ಕೆ. ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿದರೆ ಜಾರುವುದಿಲ್ಲ, ಪೇಂಟು ಕೆರೆಯುವುದಿಲ್ಲ. ನೇರ ಹ್ಯಾಂಡಲಿನ ಹೈಬ್ರಿಡ್ ಅಥವಾ ಎಂಟಿಬಿ ಇದ್ದವರಿಗೆ ಈ ಚಿಂತೆಯೇ ಇಲ್ಲ; ಅಲ್ಲಿ ಜಾಗ ಧಾರಾಳ. ಅವರು ನೋಡಬೇಕಾದದ್ದು ಎರಡೇ: ಗಂಟು ಬ್ರೇಕ್ ಕೇಬಲ್ಲುಗಳನ್ನು ಒತ್ತಬಾರದು, ಗುಂಡಿಗೆ ಬಿದ್ದು ಶಾಕಬ್ಸರ್ ಕುಸಿದಾಗ ಮುಂದಿನ ಟೈರಿಗೆ ತಾಗಬಾರದು. ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೌರಫಲಕಗಳ ಚಾವಣಿ ಹಾಕಿದ 23 ಕಿಲೋಮೀಟರ್ ಸೈಕಲ್ ಪಥವೊಂದು 2023ರ ಅಕ್ಟೋಬರಿನಿಂದ ಇದೆಯಲ್ಲ, ನಾನಕ್‌ರಾಮ್‌ಗುಡ, ನಾರ್ಸಿಂಗಿ, ಕೊಲ್ಲೂರಿನ ಕಡೆ. ಭಾರ ಕಟ್ಟಿ ಒಮ್ಮೆ ಅಲ್ಲಿ ತುಳಿದು ನೋಡಿ. ಹ್ಯಾಂಡಲು ಎಳೆಯುವುದು, ಪಟ್ಟಿ ಸಡಿಲಾಗುವುದು ಎಲ್ಲ ಮೊದಲ ಹತ್ತು ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ.

ಈಗ ಗ್ರಾಮು. ಒಬ್ಬರ ಅಥವಾ ಚಿಕ್ಕ ಇಬ್ಬರ ಟೆಂಟು, ತಾನೇ ನಿಲ್ಲುವಂಥದ್ದು, ಎರಡು ಪದರದ್ದು, ಅಲ್ಯೂಮಿನಿಯಂ ಕಡ್ಡಿಯದು ಎಂದರೆ ಒಂದೂವರೆಯಿಂದ ಎರಡು ಕಿಲೋ ಆಗುತ್ತದೆ. ಪಟ್ಟಿಯಲ್ಲಿ ಎರಡು ತೂಕ ಬರೆದಿರುತ್ತಾರೆ. ಗೂಟ, ದಾರ, ಚೀಲ ಬಿಟ್ಟು ಹೇಳುವ ಕಡಿಮೆ ತೂಕಕ್ಕೆ ಮರುಳಾಗದೆ ಎಲ್ಲ ಸೇರಿದ ತೂಕ ನೋಡಿ. ಎರಡೂವರೆ ಕಿಲೋ ದಾಟಿದರೆ ಅದು ಕಾರಿನವರ ಟೆಂಟು, ಅಥವಾ ಹಿಂದೆ ಕ್ಯಾರಿಯರ್ ಇರುವವರದು. ಹಾಗೆಂದು ಕೆಳಕ್ಕೆ ಕೆಳಕ್ಕೆ ಇಳಿಯುತ್ತಾ ಹೋಗುವುದರಲ್ಲೂ ಅರ್ಥವಿಲ್ಲ. 1.9 ಕಿಲೋ ಟೆಂಟಿಗೂ 1.2 ಕಿಲೋ ಟೆಂಟಿಗೂ ಇರುವ ವ್ಯತ್ಯಾಸ 700 ಗ್ರಾಂ, ಅಂದರೆ ಒಂದು ಬಾಟಲಿ ನೀರಿಗಿಂತ ಕಡಿಮೆ. ಫೆಬ್ರವರಿ ಕಳೆದರೆ ಈ ದಾರಿಗಳಲ್ಲಿ ನಾವು ಮೂರು ಬಾಟಲಿ ಹೊರುತ್ತೇವೆ. ಆ 700 ಗ್ರಾಮಿಗೆ ಹದಿನೈದು, ಇಪ್ಪತ್ತು ಸಾವಿರ ಹೆಚ್ಚು ಕೊಡುವುದು, ಸ್ಪಿಟಿಯಲ್ಲಿ ಸೈಕಲ್ ಹೆಗಲಿಗೇರಿಸುವ ಯೋಜನೆಯಿದ್ದವರಿಗೆ ಸರಿ. ನಮ್ಮ ಬಯಲಿಗೆ ಆ ದುಡ್ಡು ಒಳ್ಳೆಯ ಟೈರಿಗೆ ಹೋಗಲಿ. ಫೈಬರ್‌ಗ್ಲಾಸ್ ಕಡ್ಡಿಯನ್ನು ಮಾತ್ರ ಬಿಡಿ. ಭಾರ, ಮೇಲಾಗಿ ಸೀಳಿದರೆ ಅಂಗೈಗೆ ಸಿಬಿರು.

ಎತ್ತರದವರು ತಳದ ಉದ್ದ ಅಳೆದುಕೊಳ್ಳಿ. ಒಳಗೆ ಮಲಗಿ ನೋಡುವುದೇ ಒಳ್ಳೆಯದು. ತಲೆಯೋ ಪಾದವೋ ಬಟ್ಟೆಗೆ ತಾಗಿದರೆ ಬೆಳಿಗ್ಗೆ ಒದ್ದೆ.

ಮಳೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆದಿರುತ್ತಾರೆ. ಹೊರಹೊದಿಕೆಗೆ 1500, ತಳಕ್ಕೆ ಅದಕ್ಕಿಂತ ಹೆಚ್ಚಿದ್ದರೆ ಇಲ್ಲಿಗೆ ಸಾಕು, ಹೊಲಿಗೆಯ ಮೇಲೆ ಟೇಪು ಇರಬೇಕು. ನೈಲಾನ್ ನೆನೆದರೆ ಸಡಿಲಾಗಿ ಜೋತುಬೀಳುತ್ತದೆ, ರಾತ್ರಿ ಒಮ್ಮೆ ಎದ್ದು ಎಳೆದು ಕಟ್ಟಬೇಕು; ಪಾಲಿಯೆಸ್ಟರ್ ಅಷ್ಟಾಗಿ ಸಡಿಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಎದುರಿಗೇ ಬೀಸುವುದರಿಂದ ಆಗ ಬೀದರಿನ ಕಡೆ ತುಳಿಯುವುದು ಹೇಗೂ ಶಿಕ್ಷೆಯೇ. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಮಾತ್ರ ಅಪಾಯ. ಒಂಟಿ ಮರದ ಕೆಳಗೆ, ಬೋಳು ದಿಬ್ಬದ ನೆತ್ತಿಯಲ್ಲಿ ಟೆಂಟಿನಲ್ಲಿರುವ ಬದಲು ಪಕ್ಕಾ ಕಟ್ಟಡಕ್ಕೆ ಓಡಿ.

ತಳದ ಕೆಳಗೆ ಒಂದು ಹಾಳೆ ಬೇಕೇಬೇಕು, ಏಕೆಂದರೆ ನಮ್ಮಲ್ಲಿ ಬಳ್ಳಾರಿ ಜಾಲಿಯಿದೆ, ನೆಗ್ಗಿಲು ಮುಳ್ಳಿದೆ. ಟೈರನ್ನೇ ಬಿಡದವು ಟೆಂಟನ್ನು ಬಿಡುತ್ತವೆಯೇ? ಚುನಾವಣೆ ಮುಗಿದ ಮೇಲೆ ಸಿಗುವ ಫ್ಲೆಕ್ಸ್ ಬ್ಯಾನರ್ ಹಾಸುವವರನ್ನು ಕಂಡಿದ್ದೇನೆ. ಮುಳ್ಳು ತಡೆಯುತ್ತದೆ ನಿಜ. ಆದರೆ ಅದರ ತೂಕ ಚದರ ಮೀಟರಿಗೆ ಕಾಲು ಕಿಲೋಗಿಂತ ಹೆಚ್ಚು. ಒಬ್ಬರ ಟೆಂಟಿನ ತಳಕ್ಕೆ ಅರ್ಧ ಕಿಲೋ ನಾಯಕರನ್ನು ಹೊತ್ತು ತುಳಿದಂತಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ 100 ಮೈಕ್ರಾನಿನ ಪಾಲಿಥಿನ್ ಹಾಳೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಷ್ಟೇ ಅಗಲಕ್ಕೆ 200 ಗ್ರಾಂ ಒಳಗೇ ಮುಗಿಯುತ್ತದೆ. ಟೆಂಟಿನ ತಳಕ್ಕಿಂತ ಒಂದಂಗುಲ ಚಿಕ್ಕದಾಗಿ ಕತ್ತರಿಸಿ. ಹೊರಗೆ ಚಾಚಿದರೆ ಮಳೆನೀರನ್ನು ಅದೇ ಒಳಗೆ ಕರೆತರುತ್ತದೆ.

ಎಲ್ಲಿ ಹಾಕುವುದು ಎಂಬುದು ಕೊನೆಯ ಮಾತಾದರೂ ಟೆಂಟಿನ ಬಣ್ಣಕ್ಕೆ ಸಂಬಂಧಿಸಿದ್ದು. ಹೊರದೇಶದವರು ಯಾರ ಕಣ್ಣಿಗೂ ಬೀಳದಂತೆ ಹಸಿರು, ಬೂದು ಬಣ್ಣ ಆರಿಸುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅಡಗಿ ಮಲಗಿದವನೇ ಕಳ್ಳ. ಕತ್ತಲಾಗುವ ಮೊದಲೇ ಊರೊಳಗೆ ಹೋಗಿ ಕೇಳಿಬಿಡುವುದೇ ಭದ್ರ. ಗಡಿಯ ಈ ಊರುಗಳಲ್ಲಿ ತೆಲುಗು, ದಖ್ಖನಿ, ಕನ್ನಡ ಮೂರೂ ನಡೆಯುತ್ತವೆ. ನಾರಾಯಣಪೇಟೆ, ಮಕ್ತಲ್ ಕಡೆಯ ಚಹಾದಂಗಡಿಯಲ್ಲಿ "ಕಾಕಾ, ಇವತ್ತೊಂದ್ ರಾತ್ರಿ ಇಲ್ಲೇ ಮಲ್ಕೋಬಹುದೇನ್ರಿ?" ಎಂದರೆ, ಜಾಗದ ಜೊತೆ ಜೋಳದ ರೊಟ್ಟಿಯ ವಿಚಾರಣೆಯೂ ಶುರುವಾಗುತ್ತದೆ. ಹೊಲವಾದರೆ ಹೊಲದವರನ್ನು, ಗುಡಿಯಾದರೆ ಪೂಜಾರಿಯನ್ನು ಕೇಳಿ. ಬೀದರ್ ತಲುಪಿದರೆ ಗುರುನಾನಕ್ ಝೀರಾ ಗುರುದ್ವಾರದಲ್ಲಿ ಊಟವೂ ಉಂಟು, ತಂಗಲು ಕೋಣೆಗಳೂ ಉಂಟು. ಒಬ್ಬರೇ ಹೊರಟ ಹೆಣ್ಣುಮಕ್ಕಳು ಬಯಲಿಗಿಂತ ಇಂಥ ಜಾಗಗಳನ್ನು, ಪರಿಚಯದ ಮನೆಗಳ ಅಂಗಳವನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಡುವುದನ್ನು ನೋಡಿದ್ದೇನೆ. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿಯಿಲ್ಲದೆ ಬೇಡ. ಶ್ರೀಶೈಲದ ದಾರಿಯಂತೂ ಅಮ್ರಾಬಾದ್ ಹುಲಿ ಅಭಯಾರಣ್ಯದೊಳಗೆ ಹಾಯುತ್ತದೆ. ರಾತ್ರಿ ವಾಹನಗಳನ್ನೇ ಬಿಡುವುದಿಲ್ಲ, ಟೆಂಟಿನ ಮಾತೆಲ್ಲಿ.

ಮಳಖೇಡ ಮುಟ್ಟಿ, ಸಿಕಂದರಾಬಾದ್–ವಾಡಿ ಮಾರ್ಗದ ರೈಲು ಹಿಡಿದು ವಾಪಸಾದರೆ (ಸೈಕಲ್ಲನ್ನು ಯಾವ ನಿಲ್ದಾಣದಲ್ಲಿ ಬುಕ್ ಮಾಡಿಸಬಹುದೆಂದು ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿಡಿ) ಮನೆ ಸೇರಿದ ದಿನವೇ ಟೆಂಟನ್ನು ಬಿಚ್ಚಿ ಒಣಹಾಕಿ, ಎಷ್ಟೇ ಸುಸ್ತಾಗಿದ್ದರೂ. ಬಿಸಿಲಲ್ಲಿ ಬೇಡ, ನೆರಳಿನಲ್ಲಿ. ನಮ್ಮ ಬಿಸಿಲು ನೈಲಾನನ್ನು ತಿನ್ನುತ್ತದೆ. ತೇವವಿದ್ದಾಗಲೇ ಸುತ್ತಿ ಅಟ್ಟಕ್ಕೆಸೆದರೆ ಬಟ್ಟೆಯ ಒಳಬದಿಯ ನೀರುನಿರೋಧಕ ಲೇಪ ಮುಂದಿನ ದಸರಾದ ಹೊತ್ತಿಗೆ ಅಂಟಂಟಾಗಿ ಬಿಟ್ಟುಬರುತ್ತದೆ. ಚೆನ್ನೈ, ಮುಂಬೈಯಲ್ಲಿರುವವರಿಗೆ ಇದು ಇನ್ನೂ ಬೇಗ. ಕಂಪನಿ ಕೊಟ್ಟ ಬಿಗಿ ಚೀಲದಲ್ಲಿ ವರ್ಷಗಟ್ಟಲೆ ಇಡುವ ಬದಲು ಹಳೆಯ ದಿಂಬಿನ ಗವಸಿಗೆ ಸಡಿಲಾಗಿ ತುಂಬಿ ಕಪಾಟಿನಲ್ಲಿಡಿ. ತುಂಬುವ ಮೊದಲು ತಳವನ್ನು ಬೆಳಕಿಗೆ ಹಿಡಿದು ನೋಡಿ. ಮುಳ್ಳು ಚುಚ್ಚಿದ ತೂತುಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ, ಆಗಲೇ ಒಂದು ಟೇಪು ಅಂಟಿಸಿಬಿಡಬಹುದು.